ಖಾಲಾ ಬೆರೆಸಿದ ಅತ್ತರು

ಕೌದಿ ಹೊಲಿಯುವಾಕೆಗೆ ಕೊಡೋಣವೆಂದು ಮೊನ್ನೆ ಹಳೆಯ ಟ್ರಂಕು ತೆಗೆದು ಸೀರೆಗಳನ್ನು ಹರವಿಕೊಂಡು ಕೂತಿದ್ದೆ. ತೀರಾ ತಳದಲ್ಲಿ ನನ್ನ ಹಸಿರು ಇಳಕಲ್ ಸೀರೆ ಇತ್ತು. ಅದರ ಸೆರಗಿನಲ್ಲೊಂದು ಗಂಟು. ಉಗುರು ಹಾಕಿ ಬಿಚ್ಚಿದರೆ ಹೆಬ್ಬೆರಳಿನಷ್ಟು ಗಾಜಿನ ಸೀಸೆ. ಒಳಗೆ ಏನೂ ಉಳಿದಿರಲಿಲ್ಲ, ತಳದಲ್ಲಿ ಬೆಲ್ಲದ ಪಾಕ ಒಣಗಿದ ಹಾಗೆ ಒಂದಿಷ್ಟು ಕಂದು ಕಲೆ. ಇನ್ನೇನಿರುತ್ತದೆ ಅದರಲ್ಲಿ ಅಂದುಕೊಂಡೇ ಬಿರಡೆ ತೆಗೆದೆ. ತೆಗೆಯಬಾರದಿತ್ತು. ಮಲ್ಲಿಗೆ, ಗಂಧ, ಅದರ ಹಿಂದೆಯೇ ಲೋಬಾನದ ಹೊಗೆ... ಸೀರೆಗಳನ್ನೆಲ್ಲ ಅಲ್ಲೇ ಬಿಟ್ಟು ಗೋಡೆಗೆ ಒರಗಿ ಕೂತೆ.

ಶಹಾಬಾದಿನಲ್ಲಿ ನಮ್ಮ ಮನೆಗೂ ಈ ಅತ್ತರು ಬೆರೆಸಿದಾಕೆಯ ಮನೆಗೂ ಒಂದೇ ಗೋಡೆ. ಓಣಿಯ ಮಕ್ಕಳೆಲ್ಲ ಆಕೆಯನ್ನು ಖಾಲಾ ಅನ್ನುತ್ತಿದ್ದೆವು, ಅಂದರೆ ಚಿಕ್ಕಮ್ಮ. ಗಂಡ ಫರಸಿ ಕಲ್ಲು ಸಾಗಿಸುವ ಲಾರಿ ಓಡಿಸುತ್ತಿದ್ದ. ಹೈದರಾಬಾದಿಗೆ ಹೋದಾಗೊಮ್ಮೆ ಹೆಂಡತಿಗೆ ಮೊಗ್ರಾ ಮಲ್ಲಿಗೆಯದ್ದೋ ಗಂಧದ್ದೋ ಒಂದು ಸೀಸೆ ಅತ್ತರು ತರುತ್ತಿದ್ದ. ಖಾಲಾ ಅದನ್ನು ತಂದ ಹಾಗೆಯೇ ಹಚ್ಚಿಕೊಂಡದ್ದೇ ಇಲ್ಲ. ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಇದರಿಂದ ನಾಲ್ಕು ಹನಿ, ಅದರಿಂದ ಎರಡು ಹನಿ, ಕಡೆಗೆ ಹೊಗೆ ವಾಸನೆಯ ಊದಿನದು ಒಂದೇ ಹನಿ ಎಂದು ಬೆರೆಸುತ್ತಿದ್ದಳು. ಆಗ ನಾವು ಪಿಟ್ ಅನ್ನುವಂತಿರಲಿಲ್ಲ. ಅಡಿಗೆಗೆ ಉಪ್ಪು ಹೆಚ್ಚು ಹಾಕಿದರೂ ನಗುತ್ತಿದ್ದ ಹೆಂಗಸು ಇದರಲ್ಲಿ ಮಾತ್ರ ಭಾಳ ಬಿಗಿ.

ಗುರುವಾರ ಗುರುವಾರ ಆಕೆಯ ಅಂಗಳದಲ್ಲಿ ಇನ್ನೊಂದು ಕೆಲಸ. ಕೆಂಡದ ಮೇಲೆ ಲೋಬಾನ ಉದುರಿಸಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಒಗೆದ ಬಟ್ಟೆಗಳನ್ನು ಅದರ ಮೇಲೆ ಹೊದಿಸುತ್ತಿದ್ದಳು. ನಮ್ಮವ್ವ ಮೂಗು ಮುರಿಯುತ್ತಿದ್ದಳು, ಮನೆಯೆಲ್ಲ ದರ್ಗಾ ಆಯ್ತು ಅಂತ ಗೊಣಗುತ್ತಿದ್ದಳು. ಆದರೆ ಯಾರದಾದರೂ ಲಗ್ನ ಬಂತೆಂದರೆ ತನ್ನ ರೇಷ್ಮೆ ಸೀರೆಯನ್ನು ನನ್ನ ಕೈಯಲ್ಲಿ ಕೊಟ್ಟು, ಖಾಲಾನ ಬುಟ್ಟಿ ಮ್ಯಾಲ ಹಾಕ್ಕೊಂಡ್ ಬಾ ಎಂದು ಮೆಲ್ಲಗೆ ಕಳಿಸುತ್ತಿದ್ದವಳೂ ಅವಳೇ!

ನನಗೆ ಅತ್ತರು ಹಚ್ಚಿಕೊಳ್ಳಲು ಕಲಿಸಿದ್ದು ಖಾಲಾ. ಮೊದಲ ಸಲ ಗಾಜಿನ ಕಡ್ಡಿಯಿಂದ ನನ್ನ ಮುಂಗೈಗೆ ಮುಟ್ಟಿಸಿದಾಗ ನಾನು ಎರಡೂ ಕೈ ಸೇರಿಸಿ ತಿಕ್ಕಲು ಹೋದೆ. ಆಕೆ ಕೈ ಹಿಡಿದಳು.

"ತಿಕ್ಕಬ್ಯಾಡ ಬೇಟಿ, ಸಾಯ್ತದ ಅದು. ಇಟ್ಟು ಮರ್ತುಬಿಡು."

ಮರೆಯುವುದೆಲ್ಲಿ ಬಂತು. ಮೊದಲ ಹತ್ತು ನಿಮಿಷ ತಲೆ ಗಿರ್ರ್ ಅನ್ನುವಷ್ಟು ಮಲ್ಲಿಗೆ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಆಗಷ್ಟೇ ಬಿಚ್ಚಿದ ಬುಟ್ಟಿಗೆ ಮುಖ ಇಟ್ಟ ಹಾಗೆ. ಇಷ್ಟು ಜೋರಿನದು ನನ್ನಂಥ ಹುಡುಗಿಗೆ ಯಾಕೆ, ಓಣಿಯೆಲ್ಲ ತಿರುಗಿ ನೋಡುತ್ತದೆ ಎಂದು ನಾಚಿಕೆ ಬರುತ್ತಿತ್ತು. ಆಮೇಲೆ ಹೂವು ಹಿಂದೆ ಸರಿದು ಗಂಧ ಬರುತ್ತಿತ್ತು. ಸಂಜೆ ದೀಪ ಹಚ್ಚುವಾಗ ಕೈ ಮೂಗಿನ ಹತ್ತಿರ ಬಂದರೆ ಹೊಗೆ ಮಾತ್ರ, ಆರುತ್ತಿರುವ ಕೆಂಡದ್ದು. ಅದು ನನ್ನ ಮೈಯದೇ ವಾಸನೆ ಅನ್ನಿಸುತ್ತಿತ್ತು. ಹಚ್ಚಿಕೊಂಡ ದಿನ ನನ್ನ ನಡಿಗೆಯೇ ಬೇರೆ ಆಗುತ್ತಿತ್ತು, ಬೆನ್ನು ನೆಟ್ಟಗಾಗುತ್ತಿತ್ತು. ಖರೆ ಹೇಳುತ್ತೇನೆ, ಕನ್ನಡಿ ನೋಡಿಕೊಂಡು ಎಂದೂ ಬಾರದ ಧೈರ್ಯ ಆ ಒಂದು ಹನಿಯಿಂದ ಬರುತ್ತಿತ್ತು.

ನನ್ನ ಲಗ್ನಕ್ಕೆ ಆಕೆ ಕೊಟ್ಟದ್ದು ಈ ಸೀಸೆ. ನನಗೆಂದೇ ಬೆರೆಸಿದ್ದು, ಇನ್ಯಾರಿಗೂ ಕೊಡಲಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದೆ. ಬಾಗಿಲು ತೆಗೆದರೆ ಬೂದಿ ಬಣ್ಣದ ಧೂಳು. ಅತ್ತೆಗೆ ಅತ್ತರಿನಿಂದ ತಲೆನೋವು, ಗಂಡನಿಗೆ ಇಷ್ಟವಿತ್ತು, ಆದರೆ ತಾಯಿಯ ಎದುರು ಹೇಳುವ ಎದೆಗಾರಿಕೆ ಇರಲಿಲ್ಲ. ನಾನು ಯಾರ ಮಾತೂ ಕೇಳದೆ ಹಬ್ಬಕ್ಕೊಮ್ಮೆ ಹಚ್ಚಿಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ಖಾಲಾನ ಗಂಡ ಎದೆನೋವಿನಿಂದ ತೀರಿಕೊಂಡನೆಂದು ಸುದ್ದಿ ಬಂತು. ತಡವಾಗಿ ತಿಳಿದದ್ದು, ಅಷ್ಟರಲ್ಲಿ ಹದಿನೈದು ದಿನ ಆಗಿಹೋಗಿತ್ತು. ಪ್ಯಾಸೆಂಜರ್ ಗಾಡಿಗೆ ಹೊರಟವಳು ಆ ಅತ್ತರು ಹಚ್ಚಿಕೊಂಡೆ. ಯಾವ ಬುದ್ಧಿಯಿಂದ ಅಂತ ಕೇಳಬೇಡಿ. ಆಕೆ ಕೊಟ್ಟದ್ದನ್ನು ಹಚ್ಚಿಕೊಂಡು ಹೋದರೆ ಆಕೆಯ ಜೀವಕ್ಕೆ ಒಂದಿಷ್ಟು ತಂಪಾದೀತು ಅಂದುಕೊಂಡೆ. ಒಳಗೆ ಹೋದವಳೇ ಖಾಲಾನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಕೂತಿದ್ದ ಹೆಂಗಸರ ನಡುವಿಂದ ಎದ್ದು, ಆಕೆಯ ನೆಗೆಣ್ಣಿ ನನ್ನ ರಟ್ಟೆ ಹಿಡಿದು ಎಳೆದಳು. ಗಂಡ ಸತ್ತ ಹೆಂಗಸು ಇದ್ದತ್ತಿನ ಶೋಕಕ್ಕೆ ಕೂತಾಗ ಸುಗಂಧ ಮುಟ್ಟುವಂತಿಲ್ಲ, ನೀನು ಆಕೆಯ ಮೈಗೆಲ್ಲ ಬಳಿದೆಯಲ್ಲ ಎಂದು ಬೈದಳು. ಖಾಲಾ ಎದ್ದು ಹೋಗಿ, ಮೈ ತೊಳೆದು, ಬೇರೆ ಸೀರೆ ಉಟ್ಟು ಬಂದಳು.

"ಆಕಿಗೇನ್ ಗೊತ್ತದ, ನಾನೇ ಕೊಟ್ಟಿದ್ದು," ಎಂದು ನೆಗೆಣ್ಣಿಗೆ ಹೇಳಿದಳು. ನಾನು ಹೊರಡುವಾಗ ಮೆಲ್ಲಗೆ, "ನಾಕ್ ತಿಂಗಳ ಹತ್ತ್ ದಿನ ಆಗ್ಲಿ. ಆಮ್ಯಾಲ ಬಾ," ಅಂದಳು.

ದಾರಿಯುದ್ದಕ್ಕೂ ನಾಚಿಕೆಯಿಂದ ಸತ್ತೆ. ನಮ್ಮ ಮನೆಯಲ್ಲೂ ಒಬ್ಬ ಚಿಕ್ಕವ್ವ ಇದ್ದಳು, ಇಪ್ಪತ್ತಕ್ಕೇ ಗಂಡನನ್ನು ಕಳಕೊಂಡವಳು. ಆಮೇಲೆ ಆಕೆ ಹೂವು ಮುಡಿದದ್ದನ್ನು ನಾವು ಯಾರೂ ನೋಡಲಿಲ್ಲ. ಎದುರಿಗೆ ಬುಟ್ಟಿಗಟ್ಟಲೆ ಮಲ್ಲಿಗೆ ಇದ್ದರೂ ಕಟ್ಟಿ ಕೊಡುತ್ತಿದ್ದಳೇ ಹೊರತು ಒಂದೆಸಳು ಮುಡಿಯಲಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. ಖಾಲಾಗೂ ಸುಗಂಧ ಜನ್ಮಪೂರ್ತಿ ಮುಗಿಯಿತು, ನಾಲ್ಕು ತಿಂಗಳು ಹತ್ತು ದಿನ ಎಂದದ್ದು ಯಾರೂ ಭೇಟಿಗೆ ಬರಬಾರದ ದಿನಗಳ ಲೆಕ್ಕವಿರಬೇಕು ಎಂದು ನಾನೇ ನಿಶ್ಚಯ ಮಾಡಿಕೊಂಡೆ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆಕೆ ಹಚ್ಚಿಕೊಳ್ಳದ್ದನ್ನು ನಾನೂ ಹಚ್ಚಿಕೊಳ್ಳುವುದಿಲ್ಲ ಎಂದು ಸೀಸೆಯನ್ನು ಸೆರಗಿಗೆ ಗಂಟು ಹಾಕಿ ಟ್ರಂಕಿನ ತಳಕ್ಕೆ ತಳ್ಳಿದೆ. ದೊಡ್ಡ ತ್ಯಾಗ ಮಾಡಿದೆನೆಂದು ಒಳಗೊಳಗೇ ಹೆಮ್ಮೆ ಬೇರೆ.

ದಿನ ಎಣಿಸಿ, ಹೇಳಿದ ದಿನವೇ ಹೋದೆ. ತಲೆಗೆ ಸೀಗೆಕಾಯಿ ಹಾಕಿ ಮಿಂದು, ಹೂವನ್ನೂ ಮುಡಿಯದೆ, ಯಾವ ವಾಸನೆಯೂ ಇಲ್ಲದೆ ಹೋದೆ. ಖಾಲಾ ತಿಳಿನೀಲಿ ಸೀರೆ ಉಟ್ಟು ಬಾಗಿಲ ಬಿಸಿಲಲ್ಲೇ ಕೂತಿದ್ದಳು. ಮುಂದೆ ಅತ್ತರದಾನಿ ತೆರೆದಿತ್ತು, ಗಾಜಿನ ಕಡ್ಡಿ ಪಕ್ಕದಲ್ಲಿತ್ತು. ಕಣ್ಣೆದುರಿಗೇ ಇತ್ತು, ಆದರೂ ನನಗೆ ತಿಳಿಯಲಿಲ್ಲ. ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದಳು. ಇನ್ನೊಮ್ಮೆ ಮೂಸಿದಳು.

"ಅತ್ತರ ಬಿಟ್ಟಿ ಏನು?"

"ಹೂಂ ಖಾಲಾ, ಬಿಟ್ಟೀನ್ರಿ. ಇನ್ನ ಹಚ್ಕೊಳ್ಳಂಗಿಲ್ಲ."

ಶಾಭಾಸ್ ಅಂದಾಳೇನೋ ಎಂದು ಆಕೆಯ ಮುಖ ನೋಡುತ್ತಾ ಕೂತೆ. ಆಕೆ ನನ್ನ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಮೇಲೆಯೇ ಇಟ್ಟು, ಅತ್ತರದಾನಿಯ ಮುಚ್ಚಳ ಹಾಕಿದಳು. ಆಯ್ತು ಬಿಡು, ಚಾ ಕುಡಿ ಅಂದಳು. ಚಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಿದ್ದಳು...

ಆಮೇಲೆ ಮಕ್ಕಳು, ಮನೆ, ಅತ್ತೆಯ ಕಾಯಿಲೆ. ತವರಿಗೆ ಹೋದಾಗ ಖಾಲಾನನ್ನು ಮಾತಾಡಿಸಿ ಬರುತ್ತಿದ್ದೆ, ಆದರೆ ನಡುವೆ ಏನೋ ಬಿಗಿ. ಆಕೆ ಮಗಳ ಮನೆಗೆಂದು ಹೈದರಾಬಾದಿಗೆ ಹೋದಳು. ಅಲ್ಲೇ ತೀರಿಕೊಂಡಳೆಂದು ನನಗೆ ಗೊತ್ತಾದದ್ದು ವಾಡಿ ಸ್ಟೇಷನ್ನಿನಲ್ಲಿ, ಆಕೆಯ ತಂಗಿಯ ಮಗಳು ಸಿಕ್ಕಾಗ. ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿದರೆ ಹೆಂಗಸು ಮೊದಲಿನ ಹಾಗೆ ಅತ್ತರು ಹಚ್ಚಿಕೊಳ್ಳಬಹುದು ಎಂದು ನನಗೆ ಹೇಳಿದವಳೂ ಆ ಹುಡುಗಿಯೇ.

"ಇದ್ದತ್ ಮುಗಿದ ದಿನ ನೀವು ಬಂದು ನಿಮ್ಮ ಕೈಯಾರ ಅವರಿಗೆ ಹಚ್ಚಬೇಕಂತ ಮುಂಜಾನಿಂದ ಕುಂತಿದ್ರು ಅಕ್ಕಾ," ಅಂದಳು. "ನೀವು ಹೋದ್ಮ್ಯಾಲ, ಗಂಡ ಸತ್ತಾಕಿ ಕೈಯಂದು ಮುತ್ತೈದಿ ಹ್ಯಾಂಗ ಹಚ್ಕೋಬೇಕು, ಬಿಟ್ಟಿದ್ದು ಛಲೋ ಆಯ್ತು ಅಂದ್ರು. ಆಮ್ಯಾಲ ಬೆರೆಸಲೇ ಇಲ್ರಿ."

ನನ್ನ ಮೇಲೆ ಸಿಟ್ಟಾಗಿದ್ದರೆ ತಡಕೊಳ್ಳುತ್ತಿದ್ದೆ. ಆಕೆ ನನ್ನ ಪರವಾಗಿಯೇ ಮಾತಾಡಿದ್ದಳು. ತನ್ನನ್ನು ಅಪಶಕುನವೆಂದು ನಾನು ದೂರ ಇಟ್ಟೆನೆಂದು ನಂಬಿದ ಮೇಲೂ ನನ್ನ ಕುಂಕುಮಕ್ಕೆ ಒಳ್ಳೆಯದನ್ನೇ ಬಯಸಿದಳು. ಅಲ್ಲ ಖಾಲಾ, ಹಾಗಲ್ಲ ಎಂದು ಹೇಳಲು ನಾನು ಯಾವ ಗಾಡಿ ಹತ್ತಬೇಕಿತ್ತು?

ಈಗ ನನ್ನ ಗಂಡ ಹೋಗಿ ಆರು ವರ್ಷ. ಹೂವು ಮುಡಿಯಬೇಡ ಎಂದು ನನಗೆ ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ. ಮೊನ್ನೆ ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಬಿರಡೆಯನ್ನು ಮುಂಗೈಗೆ ಒತ್ತಿಕೊಂಡೆ. ತಿಕ್ಕಲಿಲ್ಲ. ಹೂವು ಬರಲಿಲ್ಲ, ಉಳಿದಿದ್ದಷ್ಟೂ ಬಿರಡೆ ತೆಗೆದಾಗಲೇ ಹಾರಿಹೋಗಿತ್ತು. ಸಂಜೆ ಹೊತ್ತಿಗೆ ಹೊಗೆ ಮಾತ್ರ ಎದ್ದಿತು. ಕೈ ಮುಂದೆ ಚಾಚಿಕೊಂಡು ಬಾಗಿಲಲ್ಲಿ ಭಾಳ ಹೊತ್ತು ಕೂತಿದ್ದೆ. ಹಿಡಿದು ಮೂಸುವವರು ಇಲ್ಲ.