ಅಣ್ಣನ ಫೋನಿಗೆ ಹೋದ ಓಟಿಪಿ

ರಾಗಿ ಹೊಲಕ್ಕೆ ನುಗ್ಗಿದ ಸಲಗವನ್ನ ಬರೀ ಗದರಿಸಿ ಕಾಡಿಗಟ್ಟಿದವನು ನಾನು. ಆ ಆನೆ ಈಗಲೂ ನಮ್ಮ ಹೊಲ ಬಳಸ್ಕೊಂಡೇ ಹೋಗುತ್ತೆ, ಬೇಕಾದ್ರೆ ಬಂದು ನೋಡಿ. ಅಂಥವನು ಹುಣಸೂರಿನ ಕಂಪ್ಯೂಟರ್ ಅಂಗಡೀಲಿ ಸೋತೆ.

ನಮ್ಮಣ್ಣ ತೀರ್ಕೊಂಡಿದ್ದ. ಅವನ ಆಧಾರ್ ಪ್ರಿಂಟು ತಂದ್ರೇ ಅತ್ತಿಗೆಗೆ ವಿಧವಾ ಪಿಂಚಣಿ ಅಂದಿದ್ರು. ಕಾರ್ಡು ಕಳೆದುಹೋಗಿತ್ತು. ಅತ್ತಿಗೆನೂ ಕರ್ಕೊಂಡು ಹೋದೆ. ಅಂಗಡಿ ಹುಡುಗಿ ಏನೇನೋ ಒತ್ತಿ, "ತಾತ, ಡೌನ್‌ಲೋಡಿಗೆ ಓಟಿಪಿ ಹೋಗಿದೆ. ಅವರ ಫೋನ್ ಎಲ್ಲಿ?" ಅಂದ್ಲು.

"ಅವನ ಕೈಲೇ ಐತೆ ಕಣವ್ವ."

"ಮತ್ತೆ ಫೋನ್ ಮಾಡಿ ಕೇಳಿ!"

ನಮ್ಮಲ್ಲಿ ಸತ್ತೋರನ್ನ ಸುಡೋದಿಲ್ಲ. ವಿಭೂತಿ ಹಚ್ಚಿ, ಗುಂಡೀಲಿ ಕೂರಿಸಿ ಮಣ್ಣು ಮಾಡ್ತೀವಿ. ಯಾವಾಗಲೂ ಫೋನ್ ಹಿಡ್ಕೊಂಡೇ ಇರ್ತಿದ್ದ ಅಂತ ಅದನ್ನೂ ಅವನ ಕೈಗಿಟ್ಟು ಕೂರಿಸಿದ್ವಿ. ಹಿಂಗಿಂಗೆ ಅಂತ ಹೇಳಿದೆ. ಹುಡುಗಿ ಮೌಸ್ ಮೇಲಿಂದ ಕೈ ತೆಗೆದುಬಿಟ್ಲು.

"ಅತ್ತಿಗೆ, ಅಗೆಸ್ಲಾ?" ಅಂದೆ.

"ಬ್ಯಾಡ ಕಣಪ್ಪ, ಕುಂತೋರ್ನ ಎಬ್ಬಿಸ್ಬಾರ್ದು. ಪಿಂಚಣಿ ಬರ್ದಿದ್ರೆ ಬುಡು, ಕೂಲಿಗೋಯ್ತೀನಿ," ಅಂದ್ರು. ಮಂಡಿ ನೋವಿಗೆ ಆ ಅಂಗಡಿ ಮೆಟ್ಟಿಲನ್ನೇ ನನ್ನ ಹೆಗಲು ಹಿಡ್ಕೊಂಡು ಹತ್ತಿದ್ದರು.

ಹುಡುಗಿ ಮೆಲ್ಲಗೆ, "ಟೈಮ್ ಮುಗೀತು ತಾತ. ಇನ್ನೊಂದ್ಸಲ ಕಳಿಸ್ಲಾ ಅಂತ ಕೇಳ್ತಿದೆ," ಅಂದ್ಲು.

"ಬುಡವ್ವ," ಅಂದೆ. "ಬದುಕಿದ್ದಾಗಲೇ ಅವನು ಒಂದು ಫೋನಿಗೂ ಉತ್ತರ ಕೊಟ್ಟೋನಲ್ಲ."