ಟಿವಿ ಲಾಯರೂ ಬೀಗದ ಕೈ ಕಳೆದ ಆಯಾಳೂ

ನಮ್ಮ ಲಾಯರ್ ಸಾರ್ ತೀರಿಕೊಂಡಾಗ ಪತ್ರಿಕೆಯವರು ಹಾಡಿ ಹೊಗಳಿದರು. ಕಾನೂನನ್ನು ಮನೆಮನೆಗೆ ತಲುಪಿಸಿದವರಂತೆ, ಹನ್ನೊಂದು ಪತ್ತೇದಾರಿ ಕಾದಂಬರಿ ಬರೆದವರಂತೆ. ನಿಜವೇ. ಹನ್ನೊಂದನ್ನೂ ಟೈಪ್ ಮಾಡಿದವಳು ನಾನು. ಕೋಳಿ ಕೆದರಿದಂಥ ಆ ಅಕ್ಷರ ನನ್ನ ಬಿಟ್ಟರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆದರೆ ಪತ್ರಿಕೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶುರುವಿನಲ್ಲಿ ಅವರಿಗೆ ಕಕ್ಷಿದಾರರೇ ಇರಲಿಲ್ಲ. ಕೋರ್ಟಿನ ಎದುರು ಎರಡನೇ ಮಹಡಿಯಲ್ಲಿ ಒಂದೇ ಕೋಣೆ, ಕಾಲು ಅಲುಗಾಡುವ ಮೇಜು. ನೊಣ ಹೊಡೆಯುತ್ತಾ ಕೂರುವ ಬದಲು ವಾರಪತ್ರಿಕೆಗೆ ಕಾನೂನಿನ ಅಂಕಣ ಬರೆದರು. ಆಮೇಲೆ ಕಾದಂಬರಿ, ಆಮೇಲೆ ಟಿವಿ. ಪೊಲೀಸರು ಯಾರನ್ನಾದರೂ ಹಿಡಿದರೆ ಸಾಕು, ಸಂಜೆ ಆರಕ್ಕೆ ಸಾರ್ ಕರಿಕೋಟಿನಲ್ಲಿ ಹಾಜರ್. ತಮ್ಮ ಮೂರನೇ ಕಾದಂಬರಿಯ ಪತ್ತೇದಾರನ ಮಾತನ್ನು ಒಮ್ಮೆ ಅಲ್ಲೂ ಹೇಳಿದರು: “ಬೀಗದ ಕೈ ಕಳೆದುಹೋಯ್ತು ಅಂತ ಯಾರಾದ್ರೂ ಅಂದ್ರೆ, ನಾನು ಮೊದಲು ಅವರ ಜೇಬು ನೋಡ್ತೀನಿ.” ಊರೆಲ್ಲ ಅದನ್ನೇ ಬಾಯಿಪಾಠ ಮಾಡಿಕೊಂಡಿತು. ಟೈಪ್ ಮಾಡುವಾಗ ನಾನೂ ನಕ್ಕಿದ್ದೆ, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಒಬ್ಬ ಆಯಾಳ ಕೇಸು ಬಂತು. ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದವಳು. ಆ ಮನೆಯ ಬೀಗದ ಕೈ ಕಾಣೆಯಾದಾಗ ತಾನಾಗಿಯೇ ಯಜಮಾನಿಗೆ ಹೇಳಿದ್ದಳು. ಯಜಮಾನಿ ಬೀಗ ಬದಲಾಯಿಸಲಿಲ್ಲ. ನಾಲ್ಕನೇ ದಿನ ಬೀರುವಿನ ಒಡವೆ ಮಾಯ. ಪೊಲೀಸರು ನೆಟ್ಟಗೆ ಆಯಾಳನ್ನು ಎಳೆದೊಯ್ದರು.

ಆಕೆಯ ಗಂಡ ಬಂದು ಕೈಮುಗಿದ. “ನಿಮ್ಮನ್ನ ಟಿವಿಲಿ ನೋಡಿದಾಳೆ ಸಾರ್. ನೀವೇ ಬೇಕು ಅಂತಾಳೆ.”

ಜಾಮೀನು ಅರ್ಜಿಯ ದಿನ ಸರ್ಕಾರಿ ವಕೀಲ ಎದ್ದು ನಿಂತ. “ನಾನು ಹೆಚ್ಚು ವಾದ ಮಾಡಲ್ಲ ಸ್ವಾಮಿ. ಇವರೇ ಟಿವಿಲಿ ಹೇಳಿದ್ದನ್ನ ಓದಿಬಿಡ್ತೀನಿ.” ಓದಿದ. ಕೋರ್ಟೆಲ್ಲ ಗೊಳ್ಳೆಂದಿತು, ನ್ಯಾಯಾಧೀಶರೂ ಮುಗುಳ್ನಕ್ಕರು. ಮಾತೇ ಬಂಡವಾಳವಾಗಿದ್ದ ನಮ್ಮ ಸಾರ್ ತಬ್ಬಿಬ್ಬಾಗಿ ಕಾಗದ ಮಗುಚಿದರು. ಆಕೆ ಕಟಕಟೆಯಿಂದ ಸಾರ್ ಮುಖವನ್ನೇ ನೋಡುತ್ತಿದ್ದಳು. ಜಾಮೀನು ಸಿಗಲಿಲ್ಲ. ಆದೇಶದಲ್ಲಿ ಬೇರೆ ಕಾರಣ ಬರೆದಿದ್ದರು. ಆ ನಗು ಕೇಳಿದ ನನಗೆ ಅದನ್ನು ನಂಬಲಾಗಲಿಲ್ಲ.

ನಲವತ್ತೊಂದು ದಿನದ ಮೇಲೆ ಯಜಮಾನಿಯ ತಮ್ಮ ಒಡವೆ ಮಾರಲು ಹೋಗಿ ಸಿಕ್ಕಿಬಿದ್ದ. ಆಯಾಳ ಚೀಲದಿಂದ ಬೀಗದ ಕೈ ಎತ್ತಿದವನೂ ಅವನೇ. ಆಕೆಯನ್ನು ಬಿಟ್ಟರು. ಒಂದು ವಾರವೂ ಆಗಿರಲಿಲ್ಲ, ಸಾರ್ ಹೊಸ ಕಾದಂಬರಿಯ ಹಾಳೆ ತಂದು ನನ್ನ ಮುಂದಿಟ್ಟರು. ಅದೇ ಆಯಾ, ಅದೇ ಬೀಗದ ಕೈ!

“ಇದನ್ನ ನಾನು ಟೈಪ್ ಮಾಡಲ್ಲ ಸಾರ್.”

“ಯಾಕಮ್ಮಾ? ಕೊನೇಲಿ ಆಕೆ ನಿರಪರಾಧಿ ಅಂತ್ಲೇ ಬರ್ತದಲ್ಲ?”

“ಅವಳ ನಲವತ್ತೊಂದು ದಿನ ಕಿತ್ತುಕೊಂಡೋರ್ಯಾರು ಅಂತ ಎಲ್ಲಿ ಬರ್ತದೆ?”

ಸಾರ್ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದರು. ಟಿವಿಗೆ ಹೋಗುವುದನ್ನೂ ನಿಲ್ಲಿಸಿದರು. ಮನುಷ್ಯ ಬದಲಾದರು ಅಂದುಕೊಂಡೆ. ಎಂಥ ಪೆದ್ದಿ ನಾನು!

ಎರಡು ತಿಂಗಳಾದ ಮೇಲೆ ಆಯಾ ಆಫೀಸಿಗೆ ಬಂದಳು. ಯಾವ ಮನೆಯಲ್ಲೂ ಕೆಲಸ ಕೊಡುತ್ತಿಲ್ಲ. ಬಾಗಿಲಲ್ಲೇ ಸಾರ್ ಹೇಳಿದ್ದ ಮಾತು ಹೇಳಿ ನಗುತ್ತಾರಂತೆ. “ಬೆಳಿಗ್ಗೆ ಆಫೀಸು ತೆಗೆದು ಗುಡಿಸೋಕೆ ಇವರನ್ನೇ ಇಟ್ಕೊಳ್ಳೋಣ ಸಾರ್” ಎಂದೆ. “ಖಂಡಿತ, ನಾಳೆಯಿಂದಲೇ ಬರ್ಲಿ” ಎಂದರು. ನನಗೆ ಖುಷಿಯಾಗಿ, ಪರ್ಸಿನಿಂದ ಆಫೀಸಿನ ಬೀಗದ ಕೈ ತೆಗೆದೆ. ಆಕೆ ಕೈ ಚಾಚಿದಳು.

“ಬೀಗದ ಕೈ ನಿಮ್ಮ ಹತ್ರಾನೇ ಇರ್ಲಮ್ಮಾ” ಎಂದರು ಸಾರ್, ನನ್ನ ಕಡೆ ತಿರುಗಿ.

ಆಕೆ ಚಾಚಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಬರ್ತೀನಿ ಸಾರ್” ಎಂದು ಮೆಟ್ಟಿಲಿಳಿದು ಹೋದವಳು ಮತ್ತೆ ಬರಲಿಲ್ಲ.