ಬುಟ್ಟಿಯಲ್ಲಿ ಬರುವ ಅಳಿಯ

ಫೆರೆಟ್ ಎಂಬ ಪುಟ್ಟ ಬೇಟೆಪ್ರಾಣಿಯನ್ನು ಸಾಕುವುದು ದುಬಾರಿ ಹವ್ಯಾಸವೇನಲ್ಲ. ಮರಿಗೆ ಇಪ್ಪತ್ತು ಪೌಂಡ್, ಪರಿಚಯದವರಾದರೆ ಒಂದು ಚೀಲ ಆಲೂಗಡ್ಡೆ. ಗೂಡಿಗೆ ಹಳೆಯ ಬಟ್ಟೆಬೀರು ಸಾಕು. ತಿನ್ನಲು ಮೊಲದ ಮಾಂಸ, ಕೋಳಿಯ ಕುತ್ತಿಗೆ. ಮನೆಗೊಂದು ವಾಸನೆ ಹತ್ತುತ್ತದೆ, ಅದಕ್ಕೆ ಬೆಲೆ ಕಟ್ಟುವುದು ಕಷ್ಟ. ಆದರೆ ಸಾಕಿದ್ದು ಹೆಣ್ಣಾದರೆ ವಸಂತದಲ್ಲಿ ಒಂದು ಖರ್ಚು ತಪ್ಪಿದ್ದಲ್ಲ. ಬೆದೆಗೆ ಬಂದ ಹೆಣ್ಣು ಫೆರೆಟ್‌ಗೆ ಗಂಡಿನ ಜೊತೆ ಸಿಗದಿದ್ದರೆ ಬೆದೆ ಇಳಿಯುವುದೇ ಇಲ್ಲ. ವಾರಗಟ್ಟಲೆ ಹಾಗೇ ಉಳಿದರೆ ಒಳಗೊಳಗೇ ರಕ್ತ ಬತ್ತಿ ಸಾಯುತ್ತದೆ. ಅದನ್ನು ತಡೆಯುವ ಚುಚ್ಚುಮದ್ದಿಗೆ ಪಶುವೈದ್ಯರಲ್ಲಿ ಎಪ್ಪತ್ತು ಪೌಂಡ್. ಮಾವಿಸ್ ಟರ್ನ್‌ಬುಲ್ ಅವರ ಗಂಡು ಫೆರೆಟ್ ಬಂದು ಹೋದರೆ ಅದಕ್ಕೊಂದು ಹಸಿ ಮೊಟ್ಟೆ, ಮಾವಿಸ್‌ಗೊಂದು ಕಪ್ ಚಹಾ.

ಇಂಗ್ಲೆಂಡಿನ ಉತ್ತರದ ಡರ್ಹಮ್ ಸೀಮೆಯ ಬ್ರಾಕ್‌ಲಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಏಪ್ರಿಲ್‌ನ ಚಳಿಗೆ ಬಾಡಿಗೆ ತೋಟಗಳ ತಗಡಿನ ಸೂರುಗಳ ಮೇಲೆ ಬಿಳಿ ಇಬ್ಬನಿ ಕೂತಿದೆ. ಅರವತ್ತಮೂರರ ಮಾವಿಸ್ ಗೂಡಿನ ಬಾಗಿಲು ತೆಗೆದು ಹಳೆಯ ಹುಲ್ಲು ಗುಡಿಸುತ್ತಾರೆ. ಒಳಗೆ ಕೆನೆಬಣ್ಣದ ಉದ್ದ ಮೈಯ ಪ್ರಾಣಿಯೊಂದು ಸತ್ತಂತೆ ಮಲಗಿದೆ. ಮುಂಗುಸಿಯಂಥ ಮೋರೆ, ಬೆಕ್ಕಿನಂಥ ಸೋಮಾರಿತನ. ಎತ್ತಿದರೂ ಏಳುವುದಿಲ್ಲ, ತೋಳಿನಿಂದ ಒದ್ದೆ ಕಾಲುಚೀಲದ ಹಾಗೆ ಜೋತುಬೀಳುತ್ತದೆ.

"ಏಳಪ್ಪಾ ದೊರೆ," ಎನ್ನುತ್ತಾರೆ ಮಾವಿಸ್. "ಬೆರಿಲ್ ಮನೆಯಲ್ಲಿ ನಿನ್ನ ದಾರಿ ಕಾಯ್ತಾ ಇದ್ದಾರೆ."

ಇವನ ಹೆಸರು ಕ್ಲಾರೆನ್ಸ್. ಆಪರೇಷನ್ ಆದ ಗಂಡು. ಇವನ ಜೊತೆ ಕೂಡಿದ ಹೆಣ್ಣಿನ ಬೆದೆ ಇಳಿಯುತ್ತದೆ, ಮರಿ ಮಾತ್ರ ಆಗುವುದಿಲ್ಲ. ಊರಿನವರು ಇವನನ್ನು ಅಳಿಯ ಎಂದೇ ಕರೆಯುತ್ತಾರೆ. ಮಾವಿಸ್ ಅವನ ಉಗುರು ಕತ್ತರಿಸಿ, ಕಿವಿ ಒರೆಸಿ, ಮುಚ್ಚಳದ ಬುಟ್ಟಿಯಲ್ಲಿಟ್ಟು ಹೊರಡುತ್ತಾರೆ. ಎಂಟು ಗಂಟೆಯೊಳಗೆ ಶಾಲೆಯ ಅಡುಗೆಮನೆ ಸೇರಬೇಕು. ಅಲ್ಲಿ ಅವರಿಗೆ ಇನ್ನೂರು ಮಕ್ಕಳ ಊಟದ ಕೆಲಸವಿದೆ.

ಬೆರಿಲ್ ರಾತ್ರಿಯುಡುಪಿನಲ್ಲೇ ಬಾಗಿಲು ತೆಗೆಯುತ್ತಾರೆ. "ಬನ್ನಿ ಅಳಿಯಂದ್ರೇ, ಬನ್ನಿ. ಮಾವಿಸ್, ನೀನೂ ಬಾ."

"ಓಹೋ, ನನಗೆ ಎರಡನೇ ಪಂಕ್ತಿ!"

ಬೆರಿಲ್‌ರ ಹೆಣ್ಣು ಫೆರೆಟ್ಟಿನ ತುಟಿ ಎತ್ತಿ, ಹೊಟ್ಟೆ ಮುಟ್ಟಿ, ಸೋಂಕೇನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮಾವಿಸ್ ಬುಟ್ಟಿಯ ಮುಚ್ಚಳ ತೆಗೆಯುವುದು. ಅವನನ್ನು ಬಿಟ್ಟು ಅವರು ಕೆಲಸಕ್ಕೆ ಹೋದ ಮೇಲೆ ಹಿತ್ತಿಲ ಕೊಠಡಿಯಲ್ಲಿ ಕೇಳುವ ಗಲಾಟೆಗೆ ಹೊಸಬರು ಬೆಚ್ಚಿಬೀಳುತ್ತಾರೆ. "ಕುತ್ತಿಗೆ ಕಚ್ಚಿ ಇಡೀ ಮನೆ ಎಳೆದಾಡ್ತಾನೆ, ಅವಳು ಕಿರುಚ್ತಾಳೆ. 'ಕೊಲ್ತಾ ಇದ್ದಾನೆ ಮಾವಿಸ್, ಓಡಿ ಬಾ' ಅಂತ ಫೋನ್ ಬರುತ್ತೆ. ಸುಮ್ನೆ ಟೀವಿ ಜೋರಾಗಿ ಹಾಕ್ಕೊಂಡು ಕೂತ್ಕೊಳ್ಳಮ್ಮಾ ಅಂತೀನಿ."

ಕಲ್ಲಿದ್ದಲು ಗಣಿ ಇದ್ದ ಕಾಲದಲ್ಲಿ ಬ್ರಾಕ್‌ಲಾದ ಫೆರೆಟ್‌ಗಳು ಮೊಲದ ಬಿಲಕ್ಕೆ ನುಗ್ಗುತ್ತಿದ್ದವು. ಗಣಿ ಕಾರ್ಮಿಕರ ಮುಷ್ಕರದ ವರ್ಷ ಮಾವಿಸ್‌ರ ಮನೆಯಲ್ಲಿ ಒಲೆಯ ಮೇಲೆ ಬೆಂದದ್ದೆಲ್ಲ ಅಪ್ಪನ ಫೆರೆಟ್ ಓಡಿಸಿ ತಂದ ಮೊಲವೇ. ಗಣಿ ಮುಚ್ಚಿತು, ಮೊಲ ಹಿಡಿಯುವವರೂ ಇಲ್ಲವಾದರು. ಫೆರೆಟ್‌ಗಳು ಮಾತ್ರ ಹಿತ್ತಿಲಿನಿಂದ ಸೋಫಾಗೆ ಬಡ್ತಿ ಪಡೆದವು. ಈಗ ಅವು ಕೀಲಿಗೊಂಚಲು ಕದಿಯುತ್ತವೆ, ಪ್ಯಾಂಟಿನ ಕಾಲೊಳಗೆ ಮಲಗುತ್ತವೆ.

ಮಾವಿಸ್ ಇಪ್ಪತ್ತರ ಹುಡುಗಿಯಾಗಿದ್ದಾಗ ಅವರದೇ ಹೆಣ್ಣು ಫೆರೆಟ್ ಸತ್ತಿತ್ತು. "ಹಿಂಗಾಲು ಎಳೆಯೋಕೆ ಶುರು ಮಾಡಿದ್ಳು. ಅಪ್ಪ ಶೀತ ಅಂದ್ರು. ಒಲೆ ಹತ್ರ ಬೆಚ್ಚಗೆ ಮಲಗಿಸಿದ್ವಿ. ಬೆಳಗ್ಗೆ ಇರಲಿಲ್ಲ. ಒಂದು ಗಂಡನ್ನು ಬಿಟ್ಟಿದ್ರೆ ಬದುಕ್ತಿದ್ಳು ಅಂತ ಆಮೇಲೆ ಯಾರೋ ಹೇಳಿದ್ರು." ಅಂದಿನಿಂದ ಅವರಲ್ಲಿ ಅಳಿಯನಿಲ್ಲದ ವಸಂತವಿಲ್ಲ. ಕ್ಲಾರೆನ್ಸ್ ಐದನೆಯವನು. ಬೆರಳುಗಳ ಮೇಲೆ ಐವರೂ ಬಿಟ್ಟ ಗುರುತುಗಳಿವೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಭಾನುವಾರ ಎಂಬುದೇ ಇಲ್ಲ. ಪಕ್ಕದೂರಿಗೆ ಹೋಗಬೇಕೆಂದರೆ ಬಸ್ಸಿನಲ್ಲಿ ವಾಸನೆಗೆ ಮೂಗು ಮುಚ್ಚುವವರು ಒಂದು ಕಡೆ, ಡ್ರೈವರನ ತಮಾಷೆ ಇನ್ನೊಂದು ಕಡೆ.

"ಬುಟ್ಟಿಗೂ ಟಿಕೆಟ್ ತಗೋಬೇಕು ಮಾವಿಸಮ್ಮ."

"ಡ್ಯೂಟಿ ಮೇಲೆ ಹೋಗ್ತಾ ಇದ್ದಾನಪ್ಪಾ, ಪಾಸ್ ಇದೆ."

ಇಷ್ಟೆಲ್ಲ ಇದ್ದೂ ಹೋದ ವರ್ಷ ಒಂದು ಜೀವ ಕೈತಪ್ಪುವುದರಲ್ಲಿತ್ತು. ಅದೂ ಒಂದು ತರಕಾರಿಯ ದೆಸೆಯಿಂದ.

ಡೆನ್ನಿಸ್ ಹೌಡನ್ ನಿವೃತ್ತ ಲಾರಿ ಡ್ರೈವರ್. ಅವರ ಬಳಿ ಟ್ರೀಕಲ್ ಎಂಬ ಕಂದು ಹೆಣ್ಣು ಫೆರೆಟ್ ಇದೆ, ತೀರಿಕೊಂಡ ಹೆಂಡತಿ ಐರೀನ್ ಸಾಕಿದ್ದು. ಪ್ರತಿ ಶರತ್ಕಾಲದಲ್ಲಿ ಬ್ರಾಕ್‌ಲಾದ ಕ್ಲಬ್ಬಿನಲ್ಲಿ ಲೀಕ್ ಪ್ರದರ್ಶನ ನಡೆಯುತ್ತದೆ. ಲೀಕ್ ಎಂದರೆ ಈರುಳ್ಳಿಯ ದೊಡ್ಡಪ್ಪನಂಥ ತರಕಾರಿ, ಇಲ್ಲಿಯ ಗಂಡಸರು ಅದನ್ನು ತೊಡೆಗಾತ್ರ ಬೆಳೆಸುತ್ತಾರೆ. ಬಿಳಿಯ ಕಾಂಡ ಇಂತಿಷ್ಟೇ ಉದ್ದ ಇರಬೇಕೆಂಬುದು ನಿಯಮ. ಅದರ ಹಿಂದಿನ ಶರತ್ಕಾಲದಲ್ಲಿ ಅಳತೆಕೋಲು ಮಾವಿಸ್ ಕೈಯಲ್ಲಿತ್ತು. ಡೆನ್ನಿಸ್‌ರ ಲೀಕ್ ಕೂದಲೆಳೆಯಷ್ಟು ಮೀರಿತ್ತು, ಮಾವಿಸ್ ಅದನ್ನು ಸ್ಪರ್ಧೆಯಿಂದ ತೆಗೆದು ಪಕ್ಕಕ್ಕಿಟ್ಟರು. ಅಲ್ಲಿಗೆ ಮಾತು ಬಿಟ್ಟುಹೋಯಿತು. ವಸಂತ ಬಂದಾಗ ಡೆನ್ನಿಸ್ ಅಳಿಯನನ್ನು ಕರೆಯಲಿಲ್ಲ.

ಕೊನೆಗೆ ಏಪ್ರಿಲ್‌ನ ಒಂದು ಮಧ್ಯಾಹ್ನ ಟವೆಲಿನಲ್ಲಿ ಟ್ರೀಕಲ್‌ಳನ್ನು ಸುತ್ತಿಕೊಂಡು ಶಾಲೆಯ ಅಡುಗೆಮನೆಯ ಹಿಂಬಾಗಿಲಿಗೆ ಬಂದರು. ಮಾವಿಸ್ ಸೌಟು ಕೆಳಗಿಟ್ಟು ಅವಳ ತುಟಿ ಎತ್ತಿದರು. ಒಸಡು ಕಾಗದದಂತೆ ಬೆಳ್ಳಗಿತ್ತು.

"ಎಷ್ಟು ದಿನದಿಂದ ಬೆದೆ?"

"ಐದು ವಾರ. ಆರೂ ಇರಬಹುದು."

"ಬಂದು ಕರೀಬಾರದಿತ್ತೇನೋ ಕತ್ತೇ?"

"ದಿನಾ ನನ್ನ ಬಾಗಿಲ ಮುಂದೇನೇ ಬುಟ್ಟಿ ಹಿಡ್ಕೊಂಡು ಹೋಗ್ತಿದ್ದೆಯಲ್ಲ. ನೀನು ತಟ್ಟಬಾರದಿತ್ತಾ?"

ಮಾವಿಸ್ ಏಪ್ರನ್ ಬಿಚ್ಚಿ, ತೋಟದಿಂದ ಕ್ಲಾರೆನ್ಸ್‌ನನ್ನೂ ಎತ್ತಿಕೊಂಡು ಡೆನ್ನಿಸ್‌ರ ಕಾರು ಹತ್ತಿದರು. ಈ ಸ್ಥಿತಿಯಲ್ಲಿ ಕೂಡಿಸಿದರೆ ಟ್ರೀಕಲ್ ಅಲ್ಲೇ ಸಾಯುತ್ತಿದ್ದಳು. ಅಳಿಯನನ್ನು ಒಯ್ದದ್ದು ಬೇರೆ ಕಾರಣಕ್ಕೆ.

ಪಶುವೈದ್ಯೆ ಇಂಗ್ರಿಡ್ ಪೆಲ್ ಅದೇ ಕಾರಣವನ್ನು ಬಾಯಿಬಿಟ್ಟು ಹೇಳಿದರು. ಚುಚ್ಚುಮದ್ದು ಕೊಡಬಹುದು, ಆದರೆ ಅದು ಕೆಲಸ ಮಾಡಲು ದಿನಗಳು ಬೇಕು. ಅಲ್ಲಿಯವರೆಗೆ ಇವಳು ಉಳಿಯಬೇಕಾದರೆ ರಕ್ತ ಬೇಕು. ಫೆರೆಟ್‌ಗಳಲ್ಲಿ ರಕ್ತದ ಗುಂಪು ನೋಡಬೇಕಾಗಿಲ್ಲ, ಗಟ್ಟಿಮುಟ್ಟಾದ ದೊಡ್ಡ ಗಂಡು ಸಾಕು. "ಆದರೆ ರಕ್ತ ತೆಗೆಯೋಕೆ ಇವನಿಗೆ ಮತ್ತು ಬರಿಸಬೇಕು ಮಾವಿಸ್. ಪುಟ್ಟ ಪ್ರಾಣಿ. ಏಳ್ತಾನೆ ಅಂತ ನಾನು ಭರವಸೆ ಕೊಡಲ್ಲ. ಎದ್ದರೂ ಈ ಸಲ ಇನ್ನು ಓಡಾಟ ಬೇಡ."

ಇನ್ನೂ ಏಳು ಮನೆಗಳು ಕಾಯುತ್ತಿದ್ದವು.

"ಬೇಡ ಬಿಡು," ಎಂದರು ಡೆನ್ನಿಸ್. "ನನ್ನದು ಹೋಗ್ತಾ ಇದೆ ಅಂತ ನಿನ್ನದನ್ನೂ ಕಳ್ಕೋಬೇಡ." ಟವೆಲು ಸರಿಮಾಡುತ್ತಾ ಮತ್ತೆ ಹೇಳಿದರು: "ಇವಳೂ ಹೋದ್ರೆ ಐರೀನ್‌ದು ಅಂತ ಮನೇಲಿ ಉಸಿರಾಡೋದು ಇನ್ನೇನೂ ಉಳಿಯಲ್ಲ."

ಮಾವಿಸ್ ಬುಟ್ಟಿಯಿಂದ ಕ್ಲಾರೆನ್ಸ್‌ನನ್ನು ತೆಗೆದು ವೈದ್ಯೆಯ ಕೈಗೆ ಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಕೈಗೆ ಕೆಲಸವಿಲ್ಲದೆ ಲೀಕ್‌ನ ಜಗಳವನ್ನು ಮೊದಲಿನಿಂದ ಆಡಿ ಮುಗಿಸಿದರು. "ಕೋಲು ಓರೆ ಹಿಡಿದಿದ್ದೆ ನೀನು." "ಓರೆ ಇದ್ದದ್ದು ನಿನ್ನ ಲೀಕ್." ಅಷ್ಟರಲ್ಲಿ ಬಾಗಿಲು ತೆರೆಯಿತು. ಕ್ಲಾರೆನ್ಸ್ ಕಣ್ಣು ಬಿಟ್ಟಿದ್ದ, ಕುಡಿದವನ ಹಾಗೆ ತಲೆ ತೂಗುತ್ತಿದ್ದ. ಟ್ರೀಕಲ್ ಏಳಲಿಲ್ಲ, ಆದರೆ ಡೆನ್ನಿಸ್ ಬೆರಳಿಗೆ ಹಚ್ಚಿದ ಮೊಟ್ಟೆಯ ಹಳದಿಯನ್ನು ನೆಕ್ಕಿದಳು.

ಮರುದಿನ ಮಾವಿಸ್ ಖಾಲಿ ಕೈಯಲ್ಲಿ ಏಳೂ ಮನೆ ಹತ್ತಿಳಿದರು. ಅಳಿಯ ಬರುವುದಿಲ್ಲ, ಕಾಯಬೇಡಿ, ಈ ವಾರವೇ ಚುಚ್ಚುಮದ್ದು ಹಾಕಿಸಿ ಎಂದು ಬಾಗಿಲಲ್ಲೇ ನಿಂತು ಹೇಳಿದರು. ಹೆಚ್ಚಿನವರು ಒಪ್ಪಿಕೊಂಡರು. ಮೇಲಿನ ಬೀದಿಯ ಪರ್ಸಿ ಡಾಡ್ಸ್ ಒಪ್ಪಲಿಲ್ಲ. "ಒಂದು ಮುದಿ ಫೆರೆಟ್‌ಗೋಸ್ಕರ ನಮಗೆಲ್ಲ ಖರ್ಚು ಹಚ್ಚಿದೆಯಲ್ಲ?"

"ಹೂಂ, ಹಚ್ಚಿದೆ. ನಿನ್ನದಾಗಿದ್ರೂ ಹಚ್ಚುತ್ತಿದ್ದೆ."

ಪರ್ಸಿ ಗೊಣಗಿಕೊಂಡೇ ಚುಚ್ಚುಮದ್ದು ಹಾಕಿಸಿದರು, ಆದರೆ ಇವತ್ತಿಗೂ ಮಾವಿಸ್‌ಗೆ ಬಾಗಿಲು ತೆಗೆಯುವುದಿಲ್ಲ.

ಡೆನ್ನಿಸ್ ಮಾತ್ರ ಚಳಿಗಾಲದಲ್ಲಿ ಯಾರಿಗೂ ಬೇಡವಾಗಿದ್ದ ಎಳೆಯ ಗಂಡೊಂದನ್ನು ತಂದು, ಆಪರೇಷನ್ ಮಾಡಿಸಿ, ಮರಿಯಾಗುವ ಭಯ ಪೂರ್ತಿ ಹೋಗಲೆಂದು ಎರಡು ತಿಂಗಳು ಕಾದು, ಈ ಮಾರ್ಚ್‌ನಿಂದ ಕೆಳಗಿನ ಬೀದಿಗಳನ್ನು ತಾವೇ ನೋಡಿಕೊಳ್ಳುತ್ತಿದ್ದಾರೆ. ಡೆನ್ನಿಸ್‌ರ ಕೆಲಸ ಹೇಗೆ ಎಂದು ಕೇಳಿದರೆ ಮಾವಿಸ್ ಮೂಗು ಮುರಿಯುತ್ತಾರೆ. "ಫೆರೆಟ್ ಕೆಲಸ ಮುಗಿಸಿ ಮಲಗಿದ್ರೂ ಇವನು ಕೇಕ್ ಮುಗಿಸದೆ ಏಳಲ್ಲ. ಆದ್ರೆ ಒಂದು ಮಾತು, ಯಾರು ಕರೀಲಿ ಬಿಡಲಿ, ಹೆಣ್ಣಿರೋ ಪ್ರತಿ ಮನೆ ಬಾಗಿಲೂ ತಟ್ತಾನೆ. ನಾನೂ ಈಗ ಹಾಗೇ ಮಾಡ್ತೀನಿ. ಪರ್ಸಿ ಮನೆ ಬಾಗಿಲೂ ತಟ್ತೀನಿ."

ಆಸೆ ಏನಾದರೂ ಇದೆಯೇ ಎಂದರೆ, ಹರೆಯದವರು ಯಾರಾದರೂ ಮೂರನೇ ಗಂಡು ಸಾಕಲಿ ಎನ್ನುತ್ತಾರೆ. ನಂತರ ಗಡಿಯಾರ ನೋಡಿ ಶಾಲೆಯ ಕಡೆ ಹೊರಡುತ್ತಾರೆ.

ಹೋದ ವಸಂತದಲ್ಲಿ ಮಾವಿಸ್ ಒಂದು ಮನೆಯ ಸ್ನೇಹ ಕಳೆದುಕೊಂಡರು. ಬ್ರಾಕ್‌ಲಾದಲ್ಲಿ ಹೆಣ್ಣು ಫೆರೆಟ್ ಒಂದೂ ಸಾಯಲಿಲ್ಲ.